ತಾತ್ಕಾಲಿಕ ಆಶ್ರಯದಿಂದ ನೆಲೆಯ ಹಕ್ಕಿಗೆ: ಮುಂಬಯಿಯ ಪರ್ಮಿಟ್ ಕಾಲದ ಒಂದು ವಿವೇಚನೆ

ವಡಾಲಾ ರೋಡ್ ನಿಲ್ದಾಣದಿಂದ ಪನವೇಲದ ಕಡೆಗೆ ಸಾಗುವ ಹಾರ್ಬರ್ ಮಾರ್ಗದ ಗಾಡಿ ಮೊದಲು ನಿಲ್ಲುವುದು ಗುರು ತೇಗ್ ಬಹಾದೂರ್ ನಗರದಲ್ಲಿ. ಹಿಂದೆ ಆ ನಿಲ್ದಾಣಕ್ಕೆ ಕೋಳಿವಾಡಾ ಎಂಬ ಹೆಸರಿತ್ತು. 1947ರ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬ, ಸಿಂಧ ಪ್ರಾಂತಗಳನ್ನು ತೊರೆದು ಬಂದ ಕುಟುಂಬಗಳಿಗೆ ಈ ಪ್ರದೇಶದಲ್ಲಿ ಆಶ್ರಯವನ್ನು ಕಲ್ಪಿಸಲಾಯಿತು. ಕಲ್ಯಾಣದ ಬಳಿ ಯುದ್ಧಕಾಲದಲ್ಲಿ ಎದ್ದ ಸೈನಿಕ ಶಿಬಿರವೂ ಹೀಗೆಯೇ ಸಿಂಧಿ ನಿರಾಶ್ರಿತರ ಬೀಡಾಗಿ, 1949ರಲ್ಲಿ ಉಲ್ಹಾಸನಗರವೆಂಬ ಹೆಸರನ್ನು ಪಡೆಯಿತು. ಶಿಬಿರವು ನಗರವಾದ ಕಥೆಯನ್ನು ನಾವು ಬಲ್ಲೆವು. ಆದರೆ ಆ ಶಿಬಿರದಲ್ಲಿದ್ದ ಮನುಷ್ಯನು ಯಾವ ಕಾಗದದ ಬಲದಿಂದ, ಯಾವ ದಿನದಿಂದ ಈ ನೆಲದವನಾದನು? ಈ ಪ್ರಶ್ನೆಯತ್ತ ವಾಚಕರ ಗಮನವನ್ನು ಸೆಳೆಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಇಂದು ಯುರೋಪಿನಲ್ಲಿಯೂ ಎದ್ದಿದೆ. 2022ರ ಫೆಬ್ರುವರಿಯಲ್ಲಿ ರಷ್ಯದ ಸೇನೆ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿಯನ್ನು ಆರಂಭಿಸಿತು. ಅಲ್ಲಿಂದ ಓಡಿಬಂದವರಿಗೆ ಯುರೋಪಿನ ಒಕ್ಕೂಟವು ತನ್ನ 2001ರ ನಿಯಮವೊಂದನ್ನು 4 ಮಾರ್ಚ್ 2022ರಂದು ಪ್ರಥಮತಃ ಜಾರಿಗೆ ತಂದು ತಾತ್ಕಾಲಿಕ ರಕ್ಷಣೆಯನ್ನಿತ್ತಿತು. ಆ ರಕ್ಷಣೆಯನ್ನು 2025ರಲ್ಲಿ 4 ಮಾರ್ಚ್ 2027ರವರೆಗೆ ವಿಸ್ತರಿಸಿ, ಉದ್ಯೋಗ, ವ್ಯಾಸಂಗ ಅಥವಾ ಕುಟುಂಬದ ಆಧಾರದಿಂದ ಬೇರೆ ವಾಸ್ತವ್ಯದ ಪರವಾನಗಿಗೆ ದಾಟುವ ದಾರಿಗಳನ್ನು ಒದಗಿಸಬೇಕೆಂದು ಸದಸ್ಯರಾಷ್ಟ್ರಗಳಿಗೆ ಸೂಚಿಸಲಾಯಿತು. ಒಕ್ಕೂಟದ ದೀರ್ಘವಾಸದ ಕಾನೂನು ತಾತ್ಕಾಲಿಕ ರಕ್ಷಣೆಯಲ್ಲಿರುವವರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ವರ್ಷಗಳು ಉರುಳಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ. ನಮ್ಮ ದೇಶವು ಈ ತೊಡಕನ್ನು ಮುಕ್ಕಾಲು ಶತಮಾನದ ಹಿಂದೆಯೇ ಎದುರಿಸಿತ್ತು.

ವಿಭಜನೆಯಾದ ಮೊದಲ ತಿಂಗಳುಗಳಲ್ಲಿ ಗಡಿಯನ್ನು ದಾಟಲು ಯಾವ ಪತ್ರವೂ ಬೇಕಿರಲಿಲ್ಲ. 19 ಜುಲೈ 1948ರಂದು ಭಾರತ ಸರಕಾರವು ಸುಗ್ರೀವಾಜ್ಞೆಯೊಂದರ ಮೂಲಕ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ಟನ್ನು ಕಡ್ಡಾಯಗೊಳಿಸಿತು. 1949ರಲ್ಲಿ ಅದೇ ವಿಷಯದ ಅಧಿನಿಯಮವು ಬಂದಿತು. ಪರ್ಮಿಟ್ಟುಗಳಲ್ಲಿ ಬಗೆಗಳಿದ್ದವು: ಅಲ್ಪಕಾಲದ ಭೇಟಿಗೆ ಒಂದು, ಕಾಯಂ ಆಗಿ ಮರಳಿ ನೆಲಸಲು ಇನ್ನೊಂದು. ಕಾಗದ ಒಂದೇ ತೆರನಾಗಿ ಕಂಡರೂ ಫಲದಲ್ಲಿ ಅಜಗಜಾಂತರವಿತ್ತು.

ಸಂವಿಧಾನವು ಈ ತಾರೀಖನ್ನೇ ಗಡಿಗಲ್ಲನ್ನಾಗಿ ಸ್ವೀಕರಿಸಿತು. 6ನೆಯ ಅನುಚ್ಛೇದದ ಪ್ರಕಾರ, ತಾನಾಗಲಿ ತಂದೆತಾಯಿ, ಅಜ್ಜ ಅಜ್ಜಿಯರಲ್ಲೊಬ್ಬರಾಗಲಿ ಅವಿಭಕ್ತ ಭಾರತದಲ್ಲಿ ಜನಿಸಿದ್ದು, 19 ಜುಲೈ 1948ಕ್ಕೆ ಮುನ್ನ ವಲಸೆ ಬಂದು ಇಲ್ಲಿಯೇ ನೆಲಸಿದ್ದವನು ತನ್ನಷ್ಟಕ್ಕೆ ಪೌರನೆನಿಸಿದನು. ಆ ದಿನ ಅಥವಾ ಅನಂತರ ಬಂದವನು ಆರು ತಿಂಗಳು ಇಲ್ಲಿ ವಾಸಿಸಿ, ಸಂವಿಧಾನವು ಜಾರಿಗೆ ಬರುವುದರೊಳಗೆ ಅರ್ಜಿ ಸಲ್ಲಿಸಿ, ನಿಯಮಿತ ಅಧಿಕಾರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕಾಯಿತು. ತೀರ ತಡವಾಗಿ ಬಂದವರಿಗೆ 1955ರ ಪೌರತ್ವ ಅಧಿನಿಯಮವು ನೋಂದಣಿಯ ಬೇರೊಂದು ದಾರಿಯನ್ನು ತೆರೆಯಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಶಿಬಿರದ ವಾಸವೂ ವಾಸವೇ ಎಂದು ಲೆಕ್ಕಕ್ಕೆ ಬಂದಿತು. ನಿರಾಶ್ರಿತನಾಗಿ ಕಳೆದ ಆರು ತಿಂಗಳೇ ಪೌರತ್ವಕ್ಕೆ ಮೆಟ್ಟಿಲಾಯಿತು. ಕೋಳಿವಾಡೆಯೂ ಉಲ್ಹಾಸನಗರವೂ ಭದ್ರವಾಗಿ ಬೇರೂರಲು ಇದು ಮುಖ್ಯ ಕಾರಣಗಳಲ್ಲೊಂದು.

ಇದೇ ಇತಿಹಾಸಕ್ಕೆ ಇನ್ನೊಂದು ಮಗ್ಗುಲಿದೆ. ಅದನ್ನು ಮರೆಮಾಚುವುದು ಸಲ್ಲದು. 1 ಮಾರ್ಚ್ 1947ರ ಅನಂತರ ಪಾಕಿಸ್ತಾನಕ್ಕೆ ವಲಸೆ ಹೋದವನು ಪೌರನಲ್ಲವೆಂದು 7ನೆಯ ಅನುಚ್ಛೇದ ಸಾರಿತು. ಕಾಯಂ ವಾಸದ ಪರ್ಮಿಟ್ಟಿನ ಮೇಲೆ ಮರಳಿದವನಿಗೆ ಮಾತ್ರ ಅದರಲ್ಲಿ ವಿನಾಯಿತಿ ಇತ್ತು. ಗಲಭೆಗೆ ಬೆದರಿ ಹೋಗಿ, ಭೀತಿ ಅಡಗಿದ ಮೇಲೆ ಅಲ್ಪಕಾಲದ ಪರ್ಮಿಟ್ಟಿನಲ್ಲಿ ಮನೆಗೆ ಬಂದ ಮುಸಲ್ಮಾನನಿಗೆ ಆ ವಿನಾಯಿತಿ ದೊರೆಯಲಿಲ್ಲ. ಹುಟ್ಟೂರಿನಲ್ಲಿಯೇ ಅವನು ಅತಿಥಿಯಾದನು. ಅಷ್ಟರಲ್ಲಿ ಅವನ ಮನೆಯು ನಿರ್ವಸಿತರ ಆಸ್ತಿಯೆಂದು ಸರಕಾರದ ವಶಕ್ಕೆ ಹೋಗಿರಲೂಬಹುದಿತ್ತು. 1954ರ ಪರಿಹಾರ ಮತ್ತು ಪುನರ್ವಸತಿ ಅಧಿನಿಯಮವು ಅಂಥ ಆಸ್ತಿಗಳನ್ನು ಅತ್ತಣಿಂದ ಬಂದವರ ಪರಿಹಾರಕ್ಕಾಗಿ ವಿನಿಯೋಗಿಸಲು ಅವಕಾಶವಿತ್ತಿತು. ಒಬ್ಬನ ಕಾಯಂ ನೆಲೆಗೆ ಇನ್ನೊಬ್ಬನು ಕಳೆದುಕೊಂಡ ನೆಲೆಯೇ ಅಡಿಪಾಯವಾದ ಪ್ರಸಂಗಗಳಿದ್ದವು.

1949ರ ಅಧಿನಿಯಮದ 7ನೆಯ ಕಲಮು ಇನ್ನೂ ಕಠಿಣವಾಗಿತ್ತು. ಪರ್ಮಿಟ್ಟಿನ ನಿಯಮವನ್ನು ಮೀರಿದನೆಂಬ ಸಯುಕ್ತಿಕ ಸಂಶಯವಿದ್ದರೂ ಸಾಕು, ಕೇಂದ್ರ ಸರಕಾರವು ಯಾರನ್ನೇ ಆಗಲಿ ದೇಶದಿಂದ ಹೊರಹಾಕಬಹುದಿತ್ತು. ಇದನ್ನು ಪ್ರಶ್ನಿಸಿದ ಮೊಕದ್ದಮೆ ಹೋದುದು ನಮ್ಮ ಮುಂಬಯಿಯಿಂದಲೇ. ಇಬ್ರಾಹಿಂ ವಜೀರ್ ಮಾವತ್ ವಿರುದ್ಧ ಮುಂಬಯಿ ರಾಜ್ಯ ಎಂಬ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ಬಹುಮತದ ತೀರ್ಪನ್ನಿತ್ತು, ಈ ಕಲಮು ಪೌರನ ಮಟ್ಟಿಗೆ ಅಸಿಂಧುವೆಂದು ಸಾರಿತು. ತೀರ್ಪಿಗೆ ಆಧಾರವಾದುದು 19ನೆಯ ಅನುಚ್ಛೇದವು ಕೊಟ್ಟ, ಭಾರತದ ಯಾವ ಭಾಗದಲ್ಲಾದರೂ ವಾಸಿಸಿ ನೆಲಸುವ ಹಕ್ಕು. ಪರ್ಮಿಟ್ ಪದ್ಧತಿಯು 1952ರ ಅಕ್ಟೋಬರಿನಲ್ಲಿಯೇ ಕೊನೆಗೊಂಡು, ಅದರ ಸ್ಥಾನದಲ್ಲಿ ಪಾಸ್‌ಪೋರ್ಟ್ ಬಂದಿತ್ತು.

ಆ ಹಕ್ಕು ನಮಗೂ ದೂರದ ಮಾತಲ್ಲ. ಮಂಗಳೂರಿನಿಂದ ಹಡಗೇರಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಕಲಿತು, ವಡಾಲಾ ಮಾಟುಂಗಾಗಳಲ್ಲಿ ಮನೆ ಮಾಡಿದ ಕನ್ನಡಿಗನನ್ನು ಪರ್ಮಿಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳದೆಯೇ ದೊರೆತುದರ ಬೆಲೆ ನಮಗೆ ಸುಲಭವಾಗಿ ತಿಳಿಯುವುದಿಲ್ಲ.

ಕನ್ನಡ ನಾಡಿನಲ್ಲಿಯೇ ಈ ಬೆಲೆಯನ್ನು ಬಲ್ಲವರಿದ್ದಾರೆ. 1960ರ ಸುಮಾರಿಗೆ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರ ವಸತಿಗಳು ಆರಂಭವಾದವು. ಕಾಡು ಕಡಿದು ಜೋಳ ಬೆಳೆದ ಆ ಜನರಲ್ಲಿ ಹಲವರು ಇಂದಿಗೂ ವಿದೇಶೀಯರ ನೋಂದಣಿಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡೇ ಬಾಳುತ್ತಿದ್ದಾರೆ. 26 ಜನವರಿ 1950ರಿಂದ 1 ಜುಲೈ 1987ರ ಪೂರ್ವದವರೆಗೆ ಭಾರತದಲ್ಲಿ ಜನಿಸಿದವರು ಜನ್ಮತಃ ಪೌರರೆಂಬ ನಿಯಮ ಅವರಿಗೂ ಅನ್ವಯಿಸುವುದೆಂಬುದನ್ನು 2010ರಲ್ಲಿ ದೆಹಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಹೇಳಬೇಕಾಯಿತು. ಪೌರತ್ವ ಪಡೆದರೆ ಟಿಬೆಟಿನ ಮೇಲಣ ಹಕ್ಕು ಸಡಿಲವಾದೀತೆಂದು ಅದನ್ನು ಬಯಸದವರೂ ಅವರಲ್ಲಿದ್ದಾರೆ. ಆ ಭಾವನೆಯೂ ಗೌರವಾರ್ಹವೇ.

ಬ್ಯಾಂಕಿನಲ್ಲಿ ಅನಾಮತು ಖಾತೆ ಎಂಬುದೊಂದುಂಟು. ಯಾವ ಲೆಕ್ಕಕ್ಕೆ ಸೇರಿದುದೆಂದು ನಿರ್ಣಯವಾಗದ ಹಣವನ್ನು ಅದರಲ್ಲಿ ಇಡುತ್ತಾರೆ. ಇಡುವುದು ತಪ್ಪಲ್ಲ, ಆದರೆ ಗೊತ್ತಾದ ಅವಧಿಯಲ್ಲಿ ಅದನ್ನು ತಕ್ಕ ಖಾತೆಗೆ ಸೇರಿಸದಿದ್ದರೆ ತಪಾಸಣೆಯವರು ಸುಮ್ಮನಿರುವುದಿಲ್ಲ. ಹಣಕ್ಕೆ ಇರುವ ಈ ನ್ಯಾಯ ಮನುಷ್ಯನಿಗೂ ಸಲ್ಲಬೇಡವೇ? ಆಪತ್ತಿನಲ್ಲಿ ಬಾಗಿಲು ತೆರೆಯುವುದು ದಯೆ. ಒಳಗೆ ಬಂದವನು ಎಷ್ಟು ಕಾಲದ ಮೇಲೆ, ಯಾವ ನಿಬಂಧನೆಯಿಂದ ಮನೆಯವನಾಗುವನೆಂದು ಮೊದಲೇ ತಿಳಿಸುವುದು ನ್ಯಾಯ. 1950ರ ಭಾರತವು ಬಡತನದ ನಡುವೆಯೂ ಒಂದು ವರ್ಗದ ಜನರಿಗೆ ಆರು ತಿಂಗಳ ಅಂಥ ಮೆಟ್ಟಿಲನ್ನು ಕಟ್ಟಿಕೊಟ್ಟಿತು, ಇನ್ನೊಂದು ವರ್ಗಕ್ಕೆ ಕಟ್ಟಲಿಲ್ಲ. ಆ ಎರಡು ಪುಟಗಳನ್ನೂ ಜೊತೆಯಾಗಿ ಓದಿದಾಗಲೇ ನಮ್ಮ ನಗರದ ಇತಿಹಾಸವನ್ನು ಓದಿದಂತಾಗುತ್ತದೆ.