ಅರ್ಜಿಯ ಚೌಕದಲ್ಲಿ ನವೆಂಬರ 1

ನವೆಂಬರ ಒಂದನೆಯ ತಾರೀಖು ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿರುವ ನಮಗೆ ತವರಿನ ನೆನಪಾಗುವುದು ಸಹಜ. 1956ರ ಆ ದಿನ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದುಗೂಡಿತು. ಅದನ್ನು ನಾವು 01-11-1956 ಎಂದು ಬರೆಯುತ್ತೇವೆ. ಈ ಎಂಟು ಅಂಕಿಗಳು ಕಂಪ್ಯೂಟರಿನ ಅರ್ಜಿಯೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಏನಾಗಬಲ್ಲವೆಂಬುದನ್ನು ಇಲ್ಲಿ ವಿಚಾರಿಸೋಣ.

ಡೊಂಬಿವಲಿಯಲ್ಲಿರುವ ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಅದೇ ದಿನ ಧಾರವಾಡದಲ್ಲಿ ಹುಟ್ಟಿದವರು. ನಿವೃತ್ತರಾದ ಮೇಲೆ ಒಂದು ಕಚೇರಿಗೆ ಕಂಪ್ಯೂಟರಿನ ಮೂಲಕ ಅರ್ಜಿ ಕಳಿಸಿದರು. ಜನ್ಮದಿನ ಶಾಲೆಯ ದಾಖಲೆಗೆ ಹೊಂದುವುದಿಲ್ಲವೆಂದು ಅರ್ಜಿ ಹಿಂದಕ್ಕೆ ಬಂತು. ಅಚ್ಚಾಗಿ ಬಂದ ಪ್ರತಿಯನ್ನು ನೋಡಿದರೆ, 1956ರ ಜನವರಿ 11! ಅವರ ವಯಸ್ಸು ಸುಮಾರು ಹತ್ತು ತಿಂಗಳು ಏರಿತು. ಅಷ್ಟೇ ಅಲ್ಲ, ಹುಟ್ಟಿದ ರಾಜ್ಯವೂ ಬದಲಾಯಿತು. ಆ ಜನವರಿಯಲ್ಲಿ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ನವೆಂಬರದಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕರಣದ ದಿನ ಹುಟ್ಟಿದವರನ್ನು ಯಂತ್ರವು ಏಕೀಕರಣದ ಆಚೆಗೆ ತಳ್ಳಿಬಿಟ್ಟಿತ್ತು.

ಇದಕ್ಕೆ ಕಾರಣ ಸರಳ. ಚೌಕದಲ್ಲಿ ನಾವು ಬರೆದದ್ದು ಯಂತ್ರಕ್ಕೆ ಬರಿಯ ಅಕ್ಷರಮಾಲೆ. ಅದನ್ನು ತಾರೀಖಾಗಿ ಮಾರ್ಪಡಿಸುವುದು ಮುಂದಿನ ಕೆಲಸ. ನಮ್ಮಲ್ಲಿ ದಿನ ಮೊದಲು. ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು. 25-11 ಎಂದಿದ್ದರೆ ಇಪ್ಪತ್ತೈದನೆಯ ತಿಂಗಳಿಲ್ಲವಾದ್ದರಿಂದ ತಪ್ಪು ಸಿಕ್ಕಿಬೀಳಬಹುದು. 01-11 ಎರಡು ರೀತಿಯಲ್ಲಿಯೂ ಸರಿಯಾಗಿ ಕಾಣುವುದರಿಂದ ತಪ್ಪು ಸದ್ದಿಲ್ಲದೆ ಒಳಗೆ ನುಸುಳುತ್ತದೆ. ಈ ಗೊಂದಲಕ್ಕೆಂದೇ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಅಂತರರಾಷ್ಟ್ರೀಯ ಮಾನಕವಾಗಿ ಗೊತ್ತುಮಾಡಿದರು. ಅದರಂತೆ ಬರೆದರೆ 1956-11-01. ಪರದೆಯ ಮೇಲೆ ಹೇಗೆ ಬೇಕಾದರೂ ತೋರಲಿ, ಒಳಗೆ ಈ ಒಂದೇ ರೂಪ ಇರಬೇಕು.

ಊರು, ರಾಜ್ಯಗಳ ಹೆಸರಿಗೂ ಇದೇ ಪಾಡು. ನಮ್ಮ ಹಿರಿಯರ ಮೈಸೂರು ರಾಜ್ಯ 1973ರ ನವೆಂಬರ 1ರಂದು ಕರ್ನಾಟಕವಾಯಿತು. ನಾವಿರುವ ಈ ನೆಲವೂ 1960ರ ಮೇ 1ರವರೆಗೆ ಮುಂಬಯಿ ರಾಜ್ಯವೇ, ಅನಂತರ ಮಹಾರಾಷ್ಟ್ರ. 2014ರ ನವೆಂಬರ 1ರಿಂದ ಇಂಗ್ಲಿಷಿನಲ್ಲಿಯೂ ಹುಬ್ಬಳ್ಳಿ, ಬೆಳಗಾವಿ ಮೊದಲಾದ ಹನ್ನೆರಡು ಊರುಗಳಿಗೆ ಕನ್ನಡದ ಉಚ್ಚಾರಕ್ಕೆ ಒಪ್ಪುವ ಹೆಸರು ಬಂತು. ಶಾಲೆಯ ಪತ್ರದಲ್ಲಿ ‘ಹುಬ್ಳಿ’, ಅರ್ಜಿಯ ಪಟ್ಟಿಯಲ್ಲಿ ‘ಹುಬ್ಬಳ್ಳಿ’. ಎರಡೂ ಒಂದೇ ಊರೆಂದು ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕಷ್ಟೆ.

ಇನ್ನು ನಮ್ಮ ಲಿಪಿಯ ಪ್ರಯಾಣ. ‘ಕನ್ನಡ’ ಎಂಬ ಮೂರಕ್ಷರದ ಪದವನ್ನು ಯೂನಿಕೋಡು ಐದು ಸಂಕೇತಗಳಾಗಿ ಹಿಡಿಯುತ್ತದೆ: ಕ, ನ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8 ರೂಪದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟು, ಒಟ್ಟು 15. ಅರ್ಜಿಯನ್ನು ರವಾನಿಸುವ ಹಳೆಯ ಪದ್ಧತಿಯಲ್ಲಿ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಾಕ್ಷರಗಳಾಗುತ್ತದೆ. ಹೀಗೆ 45 ಚಿಹ್ನೆಗಳು. ಆಚೆಯ ದಡದಲ್ಲಿ ಇವೆಲ್ಲ ಮರಳಿ ಮೂರಕ್ಷರವಾಗಬೇಕು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಬಹುಕಾಲ ನಾವು ಬರೆದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದ ಅಚ್ಚುಗಳಲ್ಲಿ. ಅಂಥ ಬರಹವನ್ನು ಬೇರೊಂದು ಚೌಕಕ್ಕೆ ಹಾಕಿದೊಡನೆ ವೇಷ ಕಳಚಿ, ಅರ್ಥವಿಲ್ಲದ ಅಕ್ಷರಗಳು ಉಳಿಯುತ್ತಿದ್ದುವು.

ನಮ್ಮ ಹಿರಿಯರು ಶಾಲೆಯ ಮೂಲಪತ್ರವನ್ನು ಜೋಪಾನವಾಗಿ ಇಟ್ಟಿದ್ದರಿಂದ ಅವರ ಜನ್ಮದಿನ ಅವರಿಗೆ ಮರಳಿತು. ಪತ್ರ ಕಳೆದುಕೊಂಡವರ ಗತಿಯೇನು? ನಮ್ಮ ಮನೆಗಳ ಎಷ್ಟೋ ಮಕ್ಕಳು ಇಂದು ಕಂಪ್ಯೂಟರಿನ ಉದ್ಯೋಗದಲ್ಲಿದ್ದಾರೆ. ಅವರಲ್ಲಿ ನಮ್ಮದೊಂದು ಬಿನ್ನಹ: ಅರ್ಜಿದಾರರು ಬರೆದುಕೊಟ್ಟ ಮೂಲರೂಪವನ್ನು ಅಳಿಸದಿರಿ, ಮಾರ್ಪಡಿಸಿದ್ದನ್ನು ಅವರಿಗೆ ತೋರಿಸಿ, ತಿಂಗಳನ್ನು ಅಕ್ಷರದಲ್ಲಿ ಬರೆದು, ಹೌದೇ ಎಂದು ಕೇಳಿರಿ. ಹಿರಿಯರೇ, ನೀವೂ ಆ ಕೊನೆಯ ಪುಟವನ್ನು ಓದದೆ ಒಪ್ಪಿಗೆ ಕೊಡಬೇಡಿರಿ. ನಾಡು ಒಂದಾಗಲು ಎಷ್ಟೋ ಜನ ದುಡಿದರು. ಆ ದಿನವನ್ನು ಸರಿಯಾಗಿ ಬರೆದಿಡುವಷ್ಟು ಎಚ್ಚರವಾದರೂ ನಮ್ಮಲ್ಲಿರಲಿ.