ಎಲ್ಲಿಯವರೆಗೆ ತಲುಪಿತು?

ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಮಾತೊಂದಿದೆ: "ಟವರ್ ಫುಲ್ ತೋರಿಸ್ತದೆ, ನೆಟ್ ಮಾತ್ರ ಬರ್ತಿಲ್ಲ. ನೀನು ಕಂಪ್ಯೂಟರ್ ಓದಿದವನು, ಸ್ವಲ್ಪ ನೋಡಪ್ಪ." ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಂಥವರ ಬಳಿ ಏನೋ ಮಂತ್ರವಿದೆ ಎಂಬ ನಂಬಿಕೆ ಹಿರಿಯರಿಗೆ. ಇರುವುದು ಮಂತ್ರವಲ್ಲ, ಒಂದು ಪ್ರಶ್ನೆ: ಸಂದೇಶ ಎಲ್ಲಿಯವರೆಗೆ ತಲುಪಿತು? ಆ ಪ್ರಶ್ನೆಯ ಇತಿಹಾಸವನ್ನು ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನನ್ನ ಕಿರಿಯ ಮಿತ್ರರಿಗೆ ಹೇಳಬಯಸುತ್ತೇನೆ.

1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಚಾರ್ಲಿ ಕ್ಲೈನ್, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಎಂಬ ಪದ ಕಳುಹಿಸಲು ಕುಳಿತಿದ್ದರು. ಇಂದಿನ ಇಂಟರ್‌ನೆಟ್ಟಿಗೆ ಮೂಲವಾದ ಅರ್ಪಾನೆಟ್‌ನ ಮೊದಲ ಸಂದೇಶವದು. ಆ ತುದಿಯಲ್ಲಿ ಬಿಲ್ ಡುವಾಲ್. ನಡುವೆ ಮಾತಾಡಲು ಟೆಲಿಫೋನ್. 'ಎಲ್' ಬಂತೇ? ಬಂತು. 'ಓ' ಬಂತೇ? ಬಂತು. 'ಜಿ' ಒತ್ತುತ್ತಲೇ ಆ ಕಡೆಯ ಕಂಪ್ಯೂಟರ್ ನಿಂತುಹೋಯಿತು. ಎರಡು ಅಕ್ಷರ ತಲುಪಿತ್ತು. ಅಂದರೆ ದಾರಿ ಸರಿಯಿತ್ತು, ದೋಷ ಆ ಕಡೆಯ ಯಂತ್ರದಲ್ಲಿತ್ತು. ಸುಮಾರು ಒಂದು ಗಂಟೆಯಲ್ಲಿ ಅದನ್ನು ಸರಿಪಡಿಸಿ ಸಂಪರ್ಕ ಸಾಧಿಸಿದರು.

1983ರ ಡಿಸೆಂಬರಿನಲ್ಲಿ ಅಮೆರಿಕ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಇದೇ ಪ್ರಶ್ನೆಯನ್ನು ಕಂಪ್ಯೂಟರೇ ಕೇಳುವಂತೆ 'ಪಿಂಗ್' ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಯ ಸೋನಾರ್ ಸದ್ದು ಕಳುಹಿಸಿ ಪ್ರತಿಧ್ವನಿಗೆ ಕಾಯುವಂತೆ ಇದು ಸಂದೇಶ ಕಳುಹಿಸಿ ಉತ್ತರಕ್ಕೆ ಕಾಯುತ್ತದೆ. ಎಷ್ಟು ಮಿಲಿಸೆಕೆಂಡಿನಲ್ಲಿ ಬಂತೆಂದು ಹೇಳುತ್ತದೆ. ನಾನು ಇಂದಿಗೂ ಅದನ್ನೇ ಬಳಸುತ್ತೇನೆ.

1986ರ ಅಕ್ಟೋಬರಿನಲ್ಲಿ ಇನ್ನೊಂದು ಬಗೆಯ ತೊಂದರೆ ಬಂತು. ಬರ್ಕ್ಲಿಯಲ್ಲಿ ಕೇವಲ 400 ಗಜ ಅಂತರದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32,000 ಬಿಟ್‌ನಷ್ಟಿದ್ದ ವೇಗ 40 ಬಿಟ್‌ಗೆ ಕುಸಿಯಿತು. ತಂತಿ ಕಡಿದಿರಲಿಲ್ಲ. ಉತ್ತರ ಬಾರದಾಗ ಕಂಪ್ಯೂಟರುಗಳು ಅವಸರಪಟ್ಟು ಮತ್ತೆ ಮತ್ತೆ ಕಳುಹಿಸಿ ದಟ್ಟಣೆ ಹೆಚ್ಚಿಸುತ್ತಿದ್ದವು. ವ್ಯಾನ್ ಜೇಕಬ್‌ಸನ್ ಕಂಡುಕೊಂಡ ಪರಿಹಾರ ಸರಳ: ನಿಧಾನವಾಗಿ ಆರಂಭಿಸು, ದಟ್ಟಣೆ ಕಂಡರೆ ಹಿಂದೆ ಸರಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ರಿಫ್ರೆಶ್ ಒತ್ತುವುದನ್ನು ನೆನೆದರೆ ಇದು ಅರ್ಥವಾದೀತು.

ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಇಂದು ಅದು ಜೇಬಿನಲ್ಲಿದೆ, ಪ್ರಶ್ನೆ ಬದಲಾಗಿಲ್ಲ. ಟವರ್ ಗೆರೆಗಳು ಹೇಳುವುದು ಫೋನಿಗೆ ಟವರಿನ ಸಿಗ್ನಲ್ ಎಷ್ಟು ಸಿಗುತ್ತಿದೆ ಎಂಬುದನ್ನಷ್ಟೇ, ಮುಂದಿನ ದಾರಿಯನ್ನಲ್ಲ. ಡೇಟಾ ಆನ್ ಇದೆಯೇ, ಪ್ಯಾಕ್ ಮುಗಿದಿದೆಯೇ ನೋಡಿ. ಅದೇ ವೈಫೈನಲ್ಲಿ ಬೇರೆ ಫೋನ್‌ಗೆ ನೆಟ್ ಬರುತ್ತಿದ್ದರೆ ದೋಷ ಬಹುಮಟ್ಟಿಗೆ ನಿಮ್ಮ ಫೋನಿನದು. ಯಾವುದಕ್ಕೂ ಬಾರದಿದ್ದರೆ ರೂಟರ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ. ಒಂದೇ ಜಾಲತಾಣ ತೆರೆಯದಿದ್ದರೆ ತೊಂದರೆ ಅವರ ಕಡೆಯದಿರಬಹುದು. ಫೋನಿನ ದಿನಾಂಕ ತಪ್ಪಿದ್ದರೂ ಸುರಕ್ಷಿತ ಜಾಲತಾಣಗಳು ತೆರೆಯದೆ ಹೋಗಬಹುದು.

ಇಷ್ಟು ತಿಳಿದಿರುವುದು ಇಂದು ಅನಿವಾರ್ಯ. ಫೋನ್ ಕೆಟ್ಟಿತೆಂದು ಗಾಬರಿಯಾದವರು ಅಂತರ್ಜಾಲದಲ್ಲಿ ಸಿಕ್ಕ ನಕಲಿ ಸಹಾಯವಾಣಿಗೆ ಕರೆಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡು, ಒಟಿಪಿ ಕೊಟ್ಟು ಜೀವಮಾನದ ಉಳಿತಾಯ ಕಳೆದುಕೊಳ್ಳುತ್ತಿದ್ದಾರೆ. ಹಾಗಾದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಅದಕ್ಕೂ ಮೊದಲು ಮನೆಯ ಅಜ್ಜ-ಅಜ್ಜಿಯರ ಪಕ್ಕ ಕುಳಿತು ನೋಡಿಕೊಡುವವರು ನೀವಾಗಬೇಕು.

ಗಣಿತದ ಉತ್ತರಪತ್ರಿಕೆಯಲ್ಲಿ ಕೊನೆಯ ಉತ್ತರಕ್ಕಷ್ಟೇ ಅಲ್ಲ, ಪ್ರತಿ ಹಂತಕ್ಕೂ ಅಂಕವುಂಟು. ಎಲ್ಲಿಯವರೆಗೆ ಸರಿಯಿದೆ ಎಂದು ಹಂತ ಹಂತವಾಗಿ ನೋಡುವುದನ್ನು ನಾನು ಕಲಿತದ್ದು ಎಂಜಿನಿಯರಿಂಗ್ ಕಾಲೇಜಿನಲ್ಲಲ್ಲ, ಈ ಶಾಲೆಯ ಕಪ್ಪುಹಲಗೆಯ ಮುಂದೆ.