ಹೊಗಳಿಕೆಯೊಳಗಿನ ತೆಗಳಿಕೆ

ಆಂಗ್ಲಭಾಷೆಯ ‘ಐರನಿ’ ಎಂಬ ಮಾತಿಗೆ ಕನ್ನಡದಲ್ಲಿ ವ್ಯಂಗ್ಯ, ವಕ್ರೋಕ್ತಿ, ವಿಡಂಬನೆ, ವಿಪರ್ಯಾಸ ಎಂಬ ಪದಗಳನ್ನು ಬಳಸುವುದುಂಟು. ಒಂದು ಮಾತಿಗೆ ಇಷ್ಟು ಪ್ರತಿಪದಗಳಿರುವುದೇ ಅದರ ಅರ್ಥವು ಒಂದಲ್ಲವೆಂಬುದಕ್ಕೆ ಸಾಕ್ಷಿ.

ಇದರ ಮೂಲವು ಗ್ರೀಕ್ ಭಾಷೆಯದು. ಆ ದೇಶದ ಹಾಸ್ಯನಾಟಕಗಳಲ್ಲಿ ಬಡಾಯಿಗಾರನು ‘ಅಲಜೋನ್’. ತಿಳಿದೂ ತಿಳಿಯದವನಂತೆ ನಟಿಸಿ ಅವನನ್ನು ಸೋಲಿಸುವ ಜಾಣನು ‘ಐರೋನ್’. ಪ್ಲೇಟೋವಿನ ಗ್ರಂಥದಲ್ಲಿ ಸಾಕ್ರಟೀಸನ ಮೇಲೆ ಎದುರಾಳಿಯು ಹೊರಿಸುವ ಆರೋಪವೂ ಈ ನಟನೆಯೇ. ಹೀಗೆ ಬೈಗುಳಾಗಿದ್ದ ಮಾತು ರೋಮಿನ ವಾಗ್ಮಿಗಳ ಕೈಯಲ್ಲಿ ಅಲಂಕಾರವಾಯಿತು. ನಾಟಕದ ಪಾತ್ರಕ್ಕೆ ತಿಳಿಯದ ವಿಧಿಯು ಪ್ರೇಕ್ಷಕನಿಗೆ ತಿಳಿದಿರುವ ಪ್ರಸಂಗಕ್ಕೂ ಇದು ಸಲ್ಲುವುದೆಂದು ಥರ್ಲ್‌ವಾಲ್ ಎಂಬ ವಿದ್ವಾಂಸನು ಸಾಫೊಕ್ಲೀಸನ ನಾಟಕಗಳನ್ನು ಕುರಿತು 1833ರಲ್ಲಿ ಬರೆದ ಪ್ರಬಂಧದಲ್ಲಿ ವಿವರಿಸಿದನು.

ನಮ್ಮ ಶಾಸ್ತ್ರಕಾರರು ಇವನ್ನು ಬೇರೆ ಬೇರೆಯಾಗಿಯೇ ಎಣಿಸಿದರು. ಒಂಬತ್ತನೆಯ ಶತಮಾನದ ಆನಂದವರ್ಧನನಿಗೆ ‘ವ್ಯಂಗ್ಯ’ವೆಂದರೆ ಧ್ವನಿಸುವ ಅರ್ಥವೆಂದಷ್ಟೇ; ಅದರಲ್ಲಿ ಕುಚೋದ್ಯವಿರಬೇಕೆಂಬ ನಿಯಮವಿಲ್ಲ. ಹೊಗಳುವಂತೆ ತೆಗಳುವುದೂ ತೆಗಳುವಂತೆ ಹೊಗಳುವುದೂ ವ್ಯಾಜಸ್ತುತಿ. ಅಪಕಾರಗೊಂಡವನು ಅಪಕಾರಿಯ ಸೌಜನ್ಯವನ್ನು ಕೊಂಡಾಡುವ ಪದ್ಯವೊಂದನ್ನು ಮಮ್ಮಟನು ಉದಾಹರಿಸಿದ್ದಾನೆ. ಅಲ್ಲಿ ವಾಚ್ಯಾರ್ಥವು ಪೂರ್ಣವಾಗಿ ತಿರಸ್ಕೃತವಾಗಿ ವಿಪರೀತ ಲಕ್ಷಣೆಯಿಂದ ನಿಂದೆಯು ತೋರುವುದು.

ಇಂತಹ ಮಾತಿನ ಗತಿಯನ್ನು ಕನ್ನಡನಾಡಿನ ಬಂಡೆಗಳಲ್ಲಿಯೇ ಕಾಣಬಹುದು. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬುದು ಚಕ್ರವರ್ತಿಯ ಬಿರುದು. 1915ರಲ್ಲಿ ದೊರೆತ ಮಸ್ಕಿಯ ಶಾಸನವು ಆ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿತು. ಅದೇ ಬಿರುದು ಮುಂದೆ ವಾದಗ್ರಂಥಗಳಲ್ಲಿ ಎದುರಾಳಿಯನ್ನು ಹಂಗಿಸುವ ಸಂಬೋಧನೆಯಾಯಿತು. ಹದಿನೇಳನೆಯ ಶತಮಾನದ ಭಟ್ಟೋಜಿ ದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಅದಕ್ಕೆ ಮೂರ್ಖನೆಂಬ ಅರ್ಥವನ್ನೇ ವಿಧಿಸಿದನು. ಮೂರ್ಖರು ದೇವತೆಗಳಿಗೆ ಪಶುಗಳಂತೆ ಪ್ರಿಯರೆಂಬುದು ವ್ಯಾಖ್ಯಾನಕಾರರ ಸಮಾಧಾನ. ಸಾಮ್ರಾಜ್ಯವಾಳಿದ ಬಿರುದು ಪಾಠಶಾಲೆಯ ಬೈಗುಳಾಯಿತು! ‘ಪುಣ್ಯಾತ್ಮ’, ‘ಮಹಾನುಭಾವ’ ಎಂಬ ಮಾತುಗಳಿಗೂ ಇಂದಿನ ಬೀದಿಯಲ್ಲಿ ಆಗಾಗ ಇದೇ ಗತಿ.

ಆದರೆ ಅರ್ಥವು ತಿರುಗಿದೆಡೆಯಲ್ಲೆಲ್ಲ ಹಾಸ್ಯವಿರುವುದಿಲ್ಲ. ಶುಭಕಾರ್ಯಗಳಿಗೆ ವರ್ಜ್ಯವಾದ ವಿಷ್ಟಿಕರಣಕ್ಕೆ ಪಂಚಾಂಗದಲ್ಲಿ ‘ಭದ್ರಾ’ ಎಂದು ಹೆಸರು. ಅಪಶಕುನವೆನಿಸಿದ ಹೆಣ್ಣುನರಿಗೆ ಅಮರಕೋಶದಲ್ಲಿ ‘ಶಿವಾ’ ಎಂದು ಹೆಸರು. ಇಲ್ಲಿ ಮಾತನ್ನು ತಿರುಗಿಸಿದುದು ಭಯವೇ ಹೊರತು ಪರಿಹಾಸವಲ್ಲ. ಭದ್ರಾವತಿಯ ಭದ್ರೆಯಾದರೋ ನದಿಯ ಹೆಸರಿನಿಂದ ಬಂದ ನಿಜವಾದ ಮಂಗಳೆ. ಆ ಊರಿನ ಹಳೆಯ ಹೆಸರು ಬೆಂಕಿಪುರ. ಹೆಸರಿನಿಂದ ತೊಲಗಿದ ಬೆಂಕಿಯು, 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಮೈಸೂರು ಸರ್ಕಾರದ ಕಾರ್ಖಾನೆಯ ಕುಲುಮೆಯಲ್ಲಿ ಹಗಲಿರುಳೂ ಉರಿಯಿತು. ಇದನ್ನು ಯಾರೂ ಆಡಲಿಲ್ಲ, ಕಾಲವೇ ಆಡಿತು. ಆದುದರಿಂದ ಇದು ವ್ಯಂಗ್ಯವಲ್ಲ, ವಿಪರ್ಯಾಸ.

ಆಡುವವನ ಅಭಿಪ್ರಾಯದಿಂದ ಅರ್ಥವು ತಿರುಗಿದರೆ ವ್ಯಾಜಸ್ತುತಿ. ಅಂಜಿಕೆಯಿಂದ ತಿರುಗಿದರೆ ಮಂಗಳೋಕ್ತಿ. ಘಟನೆಯೇ ತಿರುಗಿದರೆ ವಿಪರ್ಯಾಸ. ಈ ಭೇದವನ್ನು ಮರೆತು ಎಲ್ಲಕ್ಕೂ ಒಂದೇ ಮಾತನ್ನು ಹಚ್ಚಿದರೆ, ಶಾಸನದ ದೇವಾನಾಂಪ್ರಿಯನನ್ನು ಕೌಮುದಿಯ ಅರ್ಥದಲ್ಲಿ ಓದಿದಂತಾಗುವುದು.